ಜ್ವರಕ್ಕೆ ರವಿವಾರವಿಲ್ಲ

ಮೊನ್ನೆ ನಮ್ಮ ಪಕ್ಕದ ಮನೆಯ ಹುಡುಗ ನಮಸ್ಕಾರ ಮಾಡಲು ಬಂದಿದ್ದ. ಎಂ.ಎ. ಮುಗಿಸಿ ಶಿಕ್ಷಣ ಖಾತೆಗೆ ಆಯ್ಕೆಯಾಗಿದ್ದಾನೆ. ಆಡಳಿತದ ತರಬೇತಿಗೆ ಹೊರಟಿದ್ದ. ಕೈಯಲ್ಲಿ ಅಚ್ಚು ಹಾಕಿಸಿದ ವೇಳಾಪತ್ರಿಕೆ. ಯಾವ ದಿನ ಯಾರ ಉಪನ್ಯಾಸ, ಯಾವ ಹೊತ್ತಿಗೆ ಚಹಾ, ಎಲ್ಲ ಅದರಲ್ಲಿತ್ತು. ನಿಮ್ಮ ಕಾಲಕ್ಕೂ ಇಂಥದು ಇತ್ತೇ ಎಂದು ಕೇಳಿದ. ಇತ್ತಪ್ಪಾ, ಎರಡು ವರ್ಷ ಇತ್ತು, ಚಹಾ ಮಾತ್ರ ಇರಲಿಲ್ಲ ಎಂದೆ. ನಕ್ಕ. ಹೇಳಬೇಕೆಂದು ನಾನು ಬಾಯಿ ತೆರೆಯುವುದರೊಳಗೆ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದ. ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗ, ಬೀಳ್ಕೊಡುಗೆಯ ಹಾರ ಇವುಗಳ ಲೆಕ್ಕ ಹೇಳಿ ಯಾರ ತಲೆಯನ್ನೂ ತಿನ್ನುವುದಿಲ್ಲ. ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ.

ಅದು ಮೂವತ್ತರ ದಶಕ. ನಮ್ಮದು ಆಗ ಮುಂಬಯಿ ಇಲಾಖೆ. ಬಿ.ಎ. ಪಾಸಾಗಿ, ಮುಂಬಯಿಯಲ್ಲಿ ಶಿಕ್ಷಕರ ತರಬೇತಿಯ ಬಿ.ಟಿ. ಪದವಿ ಮಾಡಿಕೊಂಡು ಬಂದವರನ್ನು ಶಾಲೆಗಳ ತಪಾಸಣೆಯ ಕೆಲಸಕ್ಕೆ ಉಮೇದವಾರರೆಂದು ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷ ಹಳೆಯ ಅಧಿಕಾರಿಯೊಬ್ಬರ ಕೈಕೆಳಗೆ ಊರೂರು ತಿರುಗಬೇಕು. ಅವರು ಒಳ್ಳೆಯದು ಬರೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಯ ದಾರಿ. ನನ್ನ ಮನೆ ಹಾವೇರಿಯ ಕಡೆಯ ಒಂದು ಹಳ್ಳಿ. ಅಪ್ಪ ಬಟ್ಟೆ ಹೊಲಿಯುತ್ತಿದ್ದ. ನನ್ನನ್ನು ಓದಿಸುವುದಕ್ಕಾಗಿ ಅಣ್ಣ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಹೊಲಿಗೆಯ ಯಂತ್ರದ ಮುಂದೆ ಕುಳಿತ. ನೌಕರಿ ಕಾಯಂ ಆಗದೆ ಊರಿಗೆ ಹೋದರೆ ಅಣ್ಣನ ಮುಖ ಹೇಗೆ ನೋಡಲಿ ಎಂಬ ಹೆದರಿಕೆ ಉಮೇದವಾರಿ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ. ಊಟಕ್ಕೆ ಕುಳಿತಾಗಲೂ ಅದೇ ಚಿಂತೆ.

ಶಿರಸಿಯಲ್ಲಿ ನನ್ನನ್ನು ಒಪ್ಪಿಸಿದ್ದು ಭವಾನಿರಾಯರ ಕೈಗೆ. ಕುಮಟೆಯ ಕಡೆಯವರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರಿಕೆ ಮಾಡುತ್ತ ಮಾಡುತ್ತ ತಪಾಸಣೆಯ ಅಧಿಕಾರಿಯಾದವರು. ಪದವೀಧರನಿಗೆ ತರಬೇತಿ ಕೊಡುವವರು ಪದವಿಯಿಲ್ಲದವರು! ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಲಿ. ಅವರಿಗೂ ಅದು ಗೊತ್ತಿತ್ತು. ಅದಕ್ಕೇ ನನ್ನ ಹೆಸರು ಹಿಡಿಯದೆ ‘ಬಿ.ಟಿ.ಯವರೆ’ ಎಂದೇ ಕರೆಯುತ್ತಿದ್ದರು. ಮೊದಲ ದಿನವೇ ನನ್ನ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ತೂಗಿ ನೋಡಿ, ಓದು ಒಕ್ಕಾಲು, ಬುದ್ಧಿ ಮುಕ್ಕಾಲು, ಗಾಡಿ ಎತ್ತುಗಳಿಗೆ ಇಷ್ಟು ಓದು ಭಾರವಾದೀತು ಎಂದರು. ಅರ್ಧದಷ್ಟು ಪುಸ್ತಕಗಳು ಶಿರಸಿಯಲ್ಲೇ ಉಳಿದವು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕು ನಮ್ಮ ಪಾಲು. ಗಾಡಿಯಲ್ಲಿ ಹಾಸಿಗೆ, ಪಾತ್ರೆ, ಕಾಗದದ ಪೆಟ್ಟಿಗೆ ಹೇರಿಕೊಂಡು ಹೊರಟರೆ ಮೂರು ವಾರ ತಿರುಗಾಟ. ದಾರಿಯುದ್ದಕ್ಕೂ ರಾಯರು ಪಾಠ ಹೇಳುತ್ತಿದ್ದರು. ಪಾಠವೆಂದರೆ ಉಪನ್ಯಾಸವಲ್ಲ, ಚುಚ್ಚುಮಾತು. ಶಾಲೆಯೊಳಗೆ ಕಾಲಿಡುವ ಮೊದಲು ಹಿತ್ತಿಲಿಗೆ ಹೋಗಿ ನೋಡಬೇಕು. ಮಾಸ್ತರ ಕೊಟ್ಟ ಕುರ್ಚಿಯಲ್ಲಿ ತಕ್ಷಣ ಕುಳಿತುಕೊಳ್ಳಬಾರದು, ಅದು ಮೂರೂರಿನಿಂದ ಬೇಡಿ ತಂದ ಕುರ್ಚಿಯಾಗಿರುತ್ತದೆ, ಕಾಲು ಗಟ್ಟಿ ಇರುವುದಿಲ್ಲ. ಅವರು ಇದನ್ನು ಹೇಳಿದ ವಾರವೇ ನಾನು ಒಂದು ಕುರ್ಚಿಯ ಸಮೇತ ನೆಲಕ್ಕೆ ಬಿದ್ದೆ.

ಎಲ್ಲಕ್ಕಿಂತ ದೊಡ್ಡ ಪಾಠ ಶೇರಾ ಬುಕ್ಕಿನದು. ಈಗಿನವರಿಗೆ ಅದೇನೆಂದು ಹೇಳಬೇಕು. ಪ್ರತಿ ಶಾಲೆಯಲ್ಲೂ ಒಂದು ಗಟ್ಟಿ ರಟ್ಟಿನ ಪುಸ್ತಕ ಇರುತ್ತಿತ್ತು. ತಪಾಸಣೆ ಮುಗಿದ ಮೇಲೆ ಸಾಹೇಬ ತನ್ನ ಅಭಿಪ್ರಾಯವನ್ನು, ಅಂದರೆ ಶೇರಾವನ್ನು, ಅದರಲ್ಲಿ ಮಸಿಯಿಂದ ಬರೆದು ಸಹಿ ಹಾಕಬೇಕು. ಅದರ ನಕಲು ಜಿಲ್ಲೆಯ ಕಚೇರಿಗೆ. ಒಮ್ಮೆ ಬರೆದದ್ದನ್ನು ಹೊಡೆದು ಹಾಕುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಮಾಸ್ತರನ ಅನ್ನ ಆ ನಾಲ್ಕು ಸಾಲಿನಲ್ಲಿ ಇರುತ್ತಿತ್ತು. ರಾಯರದೊಂದು ಪದ್ಧತಿ: ಶೇರಾ ಬರೆದ ದಿನ ನಕಲನ್ನು ಟಪಾಲಿಗೆ ಹಾಕುತ್ತಿರಲಿಲ್ಲ. ಎಂಟು ದಿನ ಪೆಟ್ಟಿಗೆಯಲ್ಲಿಟ್ಟು, ಇನ್ನೊಮ್ಮೆ ಓದಿ, ಒಂದು ಲೋಟ ನೀರು ಕುಡಿದು, ಆಮೇಲೆ ಕಳಿಸುತ್ತಿದ್ದರು. ಇದು ಮುದುಕರ ಆಲಸ್ಯವೆಂದು ನಾನು ತಿಳಿದಿದ್ದೆ.

ಸೋಂದಾ ಕಡೆಯ ಒಂದು ಶಾಲೆಯಲ್ಲಿ ನನಗೆ ಮೊದಲ ಪೆಟ್ಟು ಬಿತ್ತು. ಆಗ ವಾರ್ಷಿಕ ಪರೀಕ್ಷೆಯನ್ನು ನಾವೇ ತೆಗೆದುಕೊಳ್ಳುತ್ತಿದ್ದೆವು. ಗಾಡಿಯ ಚಕ್ರದ ಗುಂಬ ಸಡಿಲಾಗಿ ನಾವು ಮುಟ್ಟುವಾಗ ಮಧ್ಯಾಹ್ನ ಒಂದು ದಾಟಿತ್ತು. ಮೂರನೆಯ ಇಯತ್ತೆಯನ್ನು ರಾಯರು ನನಗೆ ಬಿಟ್ಟರು. ಹೆಚ್ಚಿನ ಮಕ್ಕಳು ಬಾಯಿಯೇ ಬಿಡಲಿಲ್ಲ. ಹದಿನೇಳರ ಮಗ್ಗಿ ಕೇಳಿದರೆ ಸೂರು ನೋಡಿದವು. ಹದಿಮೂರು ಮಕ್ಕಳಲ್ಲಿ ಹನ್ನೊಂದನ್ನು ನಪಾಸು ಮಾಡಿ ಚೀಟಿಯನ್ನು ರಾಯರ ಕೈಗಿಟ್ಟೆ. ಅವರು ಚೀಟಿ ನೋಡಲಿಲ್ಲ. ಮುಂದಿದ್ದ ಹುಡುಗಿಯನ್ನು ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರು. ಸಾಹೇಬರು ಬರುತ್ತಾರೆಂದು ಮಾಸ್ತರರು ಅವರನ್ನೆಲ್ಲ ಬೆಳಗಾಗುವಾಗಲೇ ಕರೆಸಿ ಕೂರಿಸಿದ್ದರು. ರಾಯರು ಮಕ್ಕಳನ್ನು ಉಂಡು ಬನ್ನಿ ಎಂದು ಕಳಿಸಿದರು. ಮೂರು ಗಂಟೆಗೆ ಅದೇ ಪ್ರಶ್ನೆ ಕೇಳಿದೆ. ಆ ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಪಾಸು. ಹೊಟ್ಟೆ ಕೇಳಿದ ಮೇಲೆ ಮಗ್ಗಿ ಕೇಳಬೇಕು ಬಿ.ಟಿ.ಯವರೆ ಎಂದು ಮಾಸ್ತರರ ಎದುರೇ ಹೇಳಿದರು. ನಾನು ಆ ದಿನ ಕಲಿತದ್ದು ಕಡಿಮೆ, ಉರಿದುಕೊಂಡದ್ದು ಹೆಚ್ಚು. ನನಗೂ ಒಂದು ಅವಕಾಶ ಸಿಗಲಿ, ತೋರಿಸುತ್ತೇನೆ ಎಂದುಕೊಂಡೆ.

ಅವಕಾಶ ಸಿಕ್ಕಿತು. ಆ ವರ್ಷದ ಚಳಿಗಾಲದಲ್ಲಿ ಸಿದ್ದಾಪುರದಲ್ಲಿದ್ದಾಗ ರಾಯರ ಮೊಣಕಾಲು ಬಾತುಕೊಂಡಿತು. ಬಿಳಗಿಯಿಂದ ಮುಂದಿನ ಒಂದು ಶಾಲೆಗೆ ನೀವೊಬ್ಬರೇ ಹೋಗಿ ಬನ್ನಿ ಎಂದರು. ಊರಿನ ಹೆಸರು ಬೇಡ. ಮಾಸ್ತರರ ಕಡೆಯವರು ಇನ್ನೂ ಅಲ್ಲಿದ್ದಾರೆ. ಅವರನ್ನು ಗಣಪತಿ ಮಾಸ್ತರರು ಎನ್ನುತ್ತೇನೆ. ನಾಲ್ವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಆಳು. ಒಬ್ಬರೇ ಮಾಸ್ತರರು, ನಾಲ್ಕು ಇಯತ್ತೆ, ಒಂದೇ ಕೋಣೆ.

ನಾನು ಹೋದಾಗ ಅವರು ಕಂಬಳಿ ಹೊದ್ದು ಗೋಡೆಗೆ ಒರಗಿ ಕುಳಿತಿದ್ದರು. ಹಗಲು ಹನ್ನೊಂದು ಗಂಟೆ, ಬಿಸಿಲು ಚೆನ್ನಾಗಿತ್ತು. ನನ್ನನ್ನು ಕಂಡು ಎದ್ದರು, ಕಂಬಳಿ ತೆಗೆಯಲಿಲ್ಲ. ಹೆಸರಿನ ಪಟದ ಮೇಲೆ ಇಪ್ಪತ್ತಾರು ಮಕ್ಕಳು, ಎದುರಿಗೆ ಹನ್ನೆರಡು. ಹಾಜರಿ ಪುಸ್ತಕ ಕೇಳಿದೆ. ಕೊಡುವಾಗ ಅವರ ಕೈ ಗಡಗಡ ನಡುಗುತ್ತಿತ್ತು. ಓಹೋ ಎಂದುಕೊಂಡೆ.

ಪುಸ್ತಕ ತೆರೆದರೆ ನನ್ನ ಸಂಶಯ ಗಟ್ಟಿಯಾಯಿತು. ಒಬ್ಬ ಹುಡುಗನ ಸಾಲು ನೋಡುತ್ತೇನೆ: ಒಂದು ದಿನ ಹಾಜರಿ, ಒಂದು ದಿನ ಗೈರುಹಾಜರಿ, ಮತ್ತೆ ಹಾಜರಿ, ಮತ್ತೆ ಗೈರು. ಕೆಳಗಿನ ಹುಡುಗಿಯದೂ ಹಾಗೆಯೇ, ದಿನ ಮಾತ್ರ ಬೇರೆ. ಅರ್ಧಕ್ಕರ್ಧ ಮಕ್ಕಳ ಸಾಲು ಚದುರಂಗದ ಹಲಗೆಯ ಹಾಗೆ. ಮುಂಬಯಿಯಲ್ಲಿ ನಮ್ಮ ಪ್ರಾಧ್ಯಾಪಕರು ಇದನ್ನೇ ಹೇಳಿದ್ದರು: ನಿಜವಾದ ಹಾಜರಿಗೆ ಕ್ರಮ ಇರುವುದಿಲ್ಲ, ಕ್ರಮ ಕಂಡಲ್ಲಿ ಯಾರದೋ ಕೈವಾಡ ಇರುತ್ತದೆ. ಅದನ್ನು ನಾನು ವಹಿಯಲ್ಲಿ ಕೆಂಪು ಗೆರೆ ಎಳೆದು ಬರೆದುಕೊಂಡಿದ್ದೆ. ಸರಾಸರಿ ಕಡಿಮೆಯಾದರೆ ಶಾಲೆ ಮುಚ್ಚುತ್ತಾರೆಂದು ಮಾಸ್ತರರು ಇಲ್ಲದ ಮಕ್ಕಳನ್ನು ದಿನ ಬಿಟ್ಟು ದಿನ ಬಂದಂತೆ ತೋರಿಸುತ್ತಿದ್ದಾರೆ, ಇದು ಖಂಡಿತ.

“ಈ ಹುಡುಗ ದಿನಾ ಬಿಟ್ಟು ದಿನಾ ಯಾಕ ಬರತಾನ್ರಿ?” ಎಂದು ಕೇಳಿದೆ.

ಮಾಸ್ತರರು ಸಾಹೇಬರ ಎದುರು ಪುಸ್ತಕದ ಕನ್ನಡ ಆಡಲು ನೋಡುತ್ತಿದ್ದರು, ಆದರೆ ಆ ದಿನ ಅದಕ್ಕೆ ಅವರಲ್ಲಿ ತ್ರಾಣ ಇರಲಿಲ್ಲ. “ಇಲ್ಲಿ ಎಲ್ಲರದ್ದೂ ಹಂಗೇಯ ಸಾಹೇಬ್ರೆ. ಹುಡ್ರು ಅವರವರ ದಿನ ನೋಡ್ಕಂಡು ಬತ್ತ” ಎಂದರು.

ಇಷ್ಟು ನಿರ್ಲಜ್ಜವಾಗಿ ಒಪ್ಪಿಕೊಳ್ಳುವವರನ್ನು ನಾನು ನೋಡಿರಲಿಲ್ಲ. ಮತ್ತೆ ಕೇಳಿದರೆ ತಲೆ ತಗ್ಗಿಸಿದರು. ಎದುರಿಗಿದ್ದ ಹನ್ನೆರಡು ಮಕ್ಕಳ ಹೆಸರು ಆ ದಿನದ ಹಾಜರಿಗೆ ಸರಿಯಾಗಿ ಹೊಂದುತ್ತಿತ್ತು; ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಕ್ಕಳ ಮುಖ ಹಳದಿಯಾಗಿದ್ದೂ, ಹೊಟ್ಟೆ ಎಡಗಡೆಗೆ ಉಬ್ಬಿದ್ದೂ ಕಂಡಿತು, ಹೆಚ್ಚು ಅನ್ನ ತಿನ್ನುವ ನಾಡು ಎಂದುಕೊಂಡೆ. ಸಾಕ್ಷಿಗೆಂದು ಐದು ಮಕ್ಕಳ ಒಂದು ತಿಂಗಳ ಸಾಲನ್ನು ನನ್ನ ವಹಿಯಲ್ಲಿ ನಕಲು ಮಾಡಿಕೊಂಡೆ. ಆಮೇಲೆ ಶೇರಾ ಬುಕ್ಕು ತರಿಸಿ ಬರೆದೆ: ಹಾಜರಿ ಪುಸ್ತಕ ನಂಬಲು ಯೋಗ್ಯವಿಲ್ಲ, ಕೃತಕವಾಗಿ ತುಂಬಿದೆ, ಮಾಸ್ತರರ ಮೇಲೆ ಕ್ರಮ ಅವಶ್ಯ. ಕೆಳಗೆ ಸಹಿ, ಅದರ ಮುಂದೆ ದೊಡ್ಡದಾಗಿ ಬಿ.ಎ., ಬಿ.ಟಿ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಆ ಅಗಸ ನಾನೇ. ಮಾಸ್ತರರು ಓದಿದರು. ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟರು.

ಸಿದ್ದಾಪುರಕ್ಕೆ ಬಂದವನೇ ರಾಯರಿಗೆ ತೋರಿಸದೆ ನಕಲನ್ನು ಟಪಾಲಿಗೆ ಹಾಕಿದೆ. ತೋರಿಸಿದರೆ ಎಂಟು ದಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಹೆಸರು ಅವರಿಗೆ ಹೋಗುತ್ತದೆ ಎಂದು ನನ್ನ ಲೆಕ್ಕ. ಶಾಲೆ ಹೇಗಿತ್ತು ಎಂದು ಕೇಳಿದರು. ಶೇರಾ ಬರೆದಿದ್ದೇನೆ ಎಂದಷ್ಟೇ ಹೇಳಿದೆ.

ರಾಯರು ಬಾತ ಕಾಲಿನಿಂದ ಶಿರಸಿಯ ಮನೆಯಲ್ಲೇ ಉಳಿದರು. ಮುಂದಿನ ತಿರುಗಾಟ ಯಲ್ಲಾಪುರಕ್ಕೆ, ಮತ್ತೆ ನಾನೊಬ್ಬನೇ. ಅಲ್ಲಿ ಖಾದರಸಾಬರು ಎಂಬವರ ಅಂಗಡಿಯ ಮಾಳಿಗೆಯ ಮೇಲೆ ನಾವು ಇಳಿದುಕೊಳ್ಳುವ ವಾಡಿಕೆ. ಶಿರಸಿಗೆ ಓಡುವ ಮೋಟಾರು ಅವರದು. ಬಿಳಗಿ ಕಡೆಯ ಶಾಲೆಗೆ ಹೋಗಿ ಬಂದು ಮೂರು ವಾರವಾಗಿತ್ತು. ಒಂದು ಶನಿವಾರ ಹನ್ನೊಂದು ಗಂಟೆಗೆ ನನಗೆ ಚಳಿ ಹತ್ತಿತು. ಅಂಥ ಚಳಿ ಜನ್ಮದಲ್ಲಿ ಕಂಡಿರಲಿಲ್ಲ. ಹಲ್ಲು ಹಲ್ಲಿಗೆ ಬಡಿಯುತ್ತಿತ್ತು, ಮೂರು ಕಂಬಳಿ ಸಾಲಲಿಲ್ಲ. ಆಮೇಲೆ ಮೈ ಸುಡುವ ಜ್ವರ, ಸಂಜೆಗೆ ಬೆವರು. ಸತ್ತೇ ಹೋಗುತ್ತೇನೆ ಎಂದು ಅಣ್ಣನಿಗೆ ಕಾಗದ ಬರೆಯಲು ಕುಳಿತೆ. ಖಾದರಸಾಬರು ಬಂದು ಹಣೆ ಮುಟ್ಟಿ ನೋಡಿದರು, ಗಾಬರಿಯಾಗಲಿಲ್ಲ.

“ಸಾಹೇಬ್ರೆ, ನಾಳೆ ನೀವು ಆರಾಮ ಇರ್ತೀರಿ. ನಾಡಿದ್ದು ಇದೇ ಹೊತ್ತಿಗೆ ಮತ್ತೆ ಬರ್ತದೆ. ಈ ಸೀಮೆಯ ಜ್ವರ ಹಾಗೇ, ಒಂದಿನ ಬಿಟ್ಟು ಒಂದಿನ” ಎಂದರು.

ರವಿವಾರ ನಿಜವಾಗಿಯೂ ಆರಾಮವಾಗಿದ್ದೆ. ಖಾದರಸಾಬರ ಮಾತಿಗೆ ನಗು ಬಂತು. ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಿ ಒಂದನೆಯ ಇಯತ್ತೆಗೂ ಕೆಳಗಿನ ಬಿಗರಿ ಮಕ್ಕಳ ಅಕ್ಷರ ನೋಡುತ್ತಿದ್ದೆ. ಹನ್ನೊಂದು ಹೊಡೆಯಿತು, ಸೀಸಕಡ್ಡಿ ಕೈಯಿಂದ ಬಿತ್ತು. ಮಾಸ್ತರರಿಬ್ಬರು ತೋಳು ಹಿಡಿದು ಮಾಳಿಗೆಗೆ ತಂದು ಮಲಗಿಸಿದರು.

ಸಂಜೆ ಬೆವರಿಳಿದ ಮೇಲೆ, ದಿನಚರಿ ಬರೆಯಬೇಕಲ್ಲ ಎಂದು ವಹಿ ತೆಗೆದೆ. ಶನಿವಾರ ಕೆಲಸವಿಲ್ಲ, ಜ್ವರ. ಸೋಮವಾರ ಕೆಲಸವಿಲ್ಲ, ಜ್ವರ. ಬರೆಯುವುದನ್ನು ಅಲ್ಲಿಗೇ ಬಿಟ್ಟೆ. ನಾಲ್ಕು ಹಾಳೆ ಹಿಂದಕ್ಕೆ ತಿರುವಿದೆ. ಅಲ್ಲಿ ಆ ಐದು ಮಕ್ಕಳ ಸಾಲು. ಮೊದಲ ಹುಡುಗ ಗುರುವಾರ ಗೈರು, ಶನಿವಾರ ಗೈರು. ರವಿವಾರ ರಜೆ. ಸೋಮವಾರ ಮತ್ತೆ ಗೈರು. ಒಂದು ಬಿಟ್ಟು ಒಂದು ಎಂದು ಸುಳ್ಳು ತುಂಬುವವನು ರಜೆಯ ಖಾನೆಯನ್ನು ಹಾರಿಸಿ, ಶನಿವಾರ ಗೈರು ಹಾಕಿದರೆ ಸೋಮವಾರ ಹಾಜರಿ ಹಾಕುತ್ತಿದ್ದ. ಎರಡನೆಯ ಹುಡುಗಿ ಶುಕ್ರವಾರ ಗೈರು, ಶನಿವಾರ, ಸೋಮವಾರ ಎರಡೂ ದಿನ ಹಾಜರಿ, ಮಂಗಳವಾರ ಗೈರು. ಅವಳ ನಡುವಿನ ಜ್ವರ ರವಿವಾರ ಬಂದು ಹೋಗಿತ್ತು. ಐದೂ ಸಾಲು ಹಾಗೆಯೇ. ಶಾಲೆಗೆ ರವಿವಾರ ಇದೆ, ಜ್ವರಕ್ಕೆ ಇಲ್ಲ. ಮಾಸ್ತರರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಅವರ ಕೈ ನಡುಗಿದ್ದು ಕಳ್ಳತನದ ಅಂಜಿಕೆಗೆ ಅಲ್ಲ. ನಾನು ಹೋದ ದಿನ ಅವರ ಜ್ವರದ ದಿನ. ಚಳಿಯಲ್ಲಿ ನಡುಗುತ್ತ ಪಾಠ ಹೇಳುತ್ತಿದ್ದವರನ್ನು ನಾನು ಕಳ್ಳನೆಂದು ಮಸಿಯಲ್ಲಿ ಬರೆದು ಬಂದಿದ್ದೆ.

ಮಂಗಳವಾರ ಖಾದರಸಾಬರ ಮೋಟಾರಿನಲ್ಲಿ ಶಿರಸಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ, ಆ ನಕಲು ಜಿಲ್ಲೆಯ ಕಚೇರಿಯ ಯಾವುದಾದರೂ ಮೂಲೆಯಲ್ಲಿ ಬಿದ್ದಿರಲಿ ಎಂದು. ರಾಯರ ಮೇಜಿನ ಮೇಲೆ ಹುಕುಮಿನ ಪ್ರತಿ ಬಂದು ಕುಳಿತಿತ್ತು. ತಿಂಗಳ ಕೊನೆಗೆ ಗಣಪತಿ ಮಾಸ್ತರರನ್ನು ಕೆಲಸದಿಂದ ತೆಗೆಯಬೇಕು, ಶಾಲೆ ಮುಚ್ಚಬೇಕು. ಒಂಬತ್ತು ದಿನ ಉಳಿದಿತ್ತು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಜ್ವರ, ಸಾಲುಗಳು, ತೋರಿಸದೆ ಟಪಾಲಿಗೆ ಹಾಕಿದ್ದು, ಯಾಕೆ ತೋರಿಸಲಿಲ್ಲ ಎಂಬುದು ಕೂಡ. ರಾಯರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ನನ್ನ ವಹಿ ತೆಗೆದುಕೊಂಡು ಐದು ಸಾಲನ್ನೂ ಬೆರಳಿಟ್ಟು ಓದಿದರು. ಬುಧವಾರ ಅವರ ಮನೆಯ ಜಗಲಿಯಲ್ಲೇ ನನಗೆ ಜ್ವರ ಬಂತು. ಸಂಜೆ ಕ್ವಿನೈನು ಕಲಸಿ ಕುಡಿಸುತ್ತ, ಆಗ ಮಾತಾಡಿದರು.

“ಎರಡು ದಾರಿ ಉಂಟು ಮಾರಾಯ್ರೆ. ಹಾಜರಿ ಇನ್ನೊಮ್ಮೆ ನೋಡಬೇಕು ಅಂತ ನಾನು ಕಚೇರಿಗೆ ಮೆತ್ತಗೆ ಒಂದು ಕಾಗದ ಬರೀತೇನೆ. ಅದರಿಂದ ನಿಮಗೆ ಏನೂ ಆಗುದಿಲ್ಲ. ಆದರೆ ಆ ಕಾಗದ ಓದುದರ ಒಳಗೆ ಅವನ ಕೆಲಸ ಹೋಗ್ತದೆ. ಇಲ್ಲದಿದ್ರೆ ಅದೇ ಶೇರಾ ಬುಕ್ಕಿನಲ್ಲಿ, ಅದೇ ಹಾಳೆ ಮೇಲೆ, ತಪ್ಪು ನಂದು ಅಂತ ನೀವೇ ಬರೀಬೇಕು. ಅವ ಉಳೀತಾನೆ. ನಿಮ್ಮದು ನನಗೆ ಗೊತ್ತಿಲ್ಲ.”

ಆಮೇಲೆ ಅವರು ಒಳಗೆ ಹೋದರು. ನಾನು ಜಗಲಿಯಲ್ಲಿ ಕುಳಿತೆ. ಓದುವವರೇ, ನಾನು ತಕ್ಷಣ ಎರಡನೆಯ ದಾರಿ ಹಿಡಿದೆ ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಅಣ್ಣನ ಮುಖ ಕಣ್ಣೆದುರು ಬಂತು. ಮೆತ್ತಗಿನ ಕಾಗದವೂ ಕೆಲಸ ಮಾಡಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಒಪ್ಪಿಕೊಂಡ ಉಮೇದವಾರನನ್ನು ಯಾರು ಕಾಯಂ ಮಾಡುತ್ತಾರೆ? ಆ ಮಾಸ್ತರರಾದರೂ ಜ್ವರ ಎಂದು ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದು ಅವರ ಮೇಲೆಯೇ ಸಿಟ್ಟು ಕೂಡ ಬಂತು. ಆದರೆ ಅವರು ಹೇಳಿದ್ದರು. ಅವರವರ ದಿನ ನೋಡಿಕೊಂಡು ಬರುತ್ತಾರೆ ಎಂದಿದ್ದರು. ಆ ಸೀಮೆಯಲ್ಲಿ ಎಳೆಮಗುವಿಗೂ ತಿಳಿಯುವ ಮಾತು ಬಿ.ಟಿ.ಗೆ ತಿಳಿಯಲಿಲ್ಲ. ಗುರುವಾರ ಸಿದ್ದಾಪುರದ ಮೋಟಾರು ಹತ್ತಿದೆ. ಧೈರ್ಯದಿಂದ ಹತ್ತಲಿಲ್ಲ. ಆರೋಗ್ಯದ ದಿನ ಅದೊಂದೇ ಇತ್ತು, ಅದು ತಪ್ಪಿದರೆ ಮತ್ತೆ ಹೊರಡುತ್ತಿರಲಿಲ್ಲ, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಬಾಡಿಗೆಯ ಗಾಡಿಯಲ್ಲಿ ಹೊರಟು ಶಾಲೆ ಮುಟ್ಟುವಾಗ ಹತ್ತೂವರೆ. ನನ್ನ ದಿನ ಅದು ಎಂದು ಗೊತ್ತಿತ್ತು. ಅರ್ಧ ತಾಸು ಸಿಗುತ್ತದೆ, ಬರೆದು ಮುಗಿಸಬೇಕು ಎಂದು ಗಾಡಿಯಲ್ಲೇ ವಾಕ್ಯ ಜೋಡಿಸಿಕೊಂಡಿದ್ದೆ. ಗಣಪತಿ ಮಾಸ್ತರರು ಪಾಠ ಹೇಳುತ್ತಿದ್ದರು. ಕಂಬಳಿ ಇರಲಿಲ್ಲ. ಹುಕುಮು ಅವರಿಗೆ ಎರಡು ದಿನದ ಹಿಂದೆಯೇ ಮುಟ್ಟಿತ್ತು. ನನ್ನನ್ನು ಕಂಡವರೇ ಶಾಲೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಕೆಲಸದಿಂದ ಬಿಡಿಸಲು ಬಂದಿದ್ದೇನೆ ಎಂದು ತಿಳಿದಿದ್ದರು.

ಅದು ಅಲ್ಲ, ಶೇರಾ ಬುಕ್ಕು ಕೊಡಿ ಎಂದೆ. ಇನ್ನೂ ಏನು ಬರೆಯುವುದು ಉಳಿದಿದೆ ಎಂಬ ಹಾಗೆ ನೋಡಿದರು, ಕೊಟ್ಟರು. ಕುಳಿತು ಬರೆಯತೊಡಗಿದೆ: ಮೇಲಿನ ಶೇರಾ ಸಂಪೂರ್ಣ ತಪ್ಪು. ಈ ಭಾಗದ ಚಳಿಜ್ವರದ ವಿಷಯ ತಿಳಿಯದೆ, ವಿಚಾರಿಸದೆ ನಾನು ಬರೆದದ್ದು. ಹಾಜರಿ ಪುಸ್ತಕ ಅಕ್ಷರಶಃ ಸತ್ಯ. ಮಾಸ್ತರರು ಜ್ವರದ ದಿನವೂ ಶಾಲೆ ತೆರೆದಿದ್ದಾರೆ. ತಪ್ಪಿನ ಹೊಣೆ ನನ್ನದು. ಅಷ್ಟರಲ್ಲಿ ಹನ್ನೊಂದಾಯಿತು. ಸಹಿ ಹಾಕುವಾಗ ಕೈ ನಿಲ್ಲಲಿಲ್ಲ, ಅಕ್ಷರ ಇಳಿಜಾರಿನಲ್ಲಿ ಉರುಳಿದ ಹಾಗೆ ಹೋದವು. ಬಿ.ಎ., ಬಿ.ಟಿ. ಬರೆಯಲಿಲ್ಲ.

ಮಾಸ್ತರರು ಮೂಲೆಯಿಂದ ತಮ್ಮ ಕಂಬಳಿ ತಂದು ನನಗೆ ಹೊದಿಸಿದರು. ಮಕ್ಕಳು ಸುತ್ತ ನಿಂತು ನೋಡಿದವು. ಸಾಹೇಬರಿಗೂ ಬಂದಿದೆ ಎಂದು ಒಂದು ಮಗು ಇನ್ನೊಂದಕ್ಕೆ ಹೇಳಿತು, ಅಚ್ಚರಿಯಿಲ್ಲದೆ. ಶೇರಾ ಓದಿದ ಮಾಸ್ತರರು ಹಳೆಯ ಶೇರಾದ ಮೇಲೆ ಬೆರಳಿಟ್ಟು, “ಮೇಲಿಂದು ಹಂಗೇ ಇರ್ತಲ್ದಾ?” ಎಂದು ಕೇಳಿದರು. ಇರುತ್ತದೆ, ಅಳಿಸುವ ಹಾಗಿಲ್ಲ, ನನ್ನದೂ ಕೆಳಗೆ ಇರುತ್ತದೆ ಎಂದೆ. ತಲೆಯಾಡಿಸಿದರು. ನಾನು ಕ್ಷಮೆ ಕೇಳಿದೆ. ಸಾಹೇಬನೊಬ್ಬ ಮಾಸ್ತರನ ಕ್ಷಮೆ ಕೇಳುವುದು ಆಗ ನಡೆಯದ ಮಾತು. ಅವರಿಗೆ ಅದು ಸಮಾಧಾನ ಕೊಡಲಿಲ್ಲ, ಇನ್ನಷ್ಟು ಹೆದರಿಸಿತು ಎಂದು ಕಾಣುತ್ತದೆ. ಹಾಗೆಲ್ಲ ಅನ್ನಬಾರದು ಎಂದು ಎರಡು ಸಲ ಹೇಳಿ ಹೊರಗೆ ಹೋಗಿ ನಿಂತರು.

ನಕಲನ್ನು ಈ ಸಲ ರಾಯರ ಕೈಗೆ ಕೊಟ್ಟೆ. ಅವರು ಎಂಟು ದಿನ ಇಡಲಿಲ್ಲ, ಅದೇ ದಿನ ತಮ್ಮದೊಂದು ಕಾಗದ ಸೇರಿಸಿ ಕಳಿಸಿದರು. ತಿಂಗಳು ಮುಗಿಯಲು ಎರಡು ದಿನ ಇರುವಾಗ ಹುಕುಮನ್ನು ತಡೆಹಿಡಿದಿದ್ದಾರೆಂದು ತಂತಿ ಬಂತು. ಕೈಬಿಟ್ಟಿದ್ದಾರೆಂದು ತಿಳಿಯಲು ಇನ್ನೊಂದೂವರೆ ತಿಂಗಳು ಬೇಕಾಯಿತು. ಆ ಒಂದೂವರೆ ತಿಂಗಳು ಟಪಾಲಿನವನ ಚಪ್ಪಲಿಯ ಸಪ್ಪಳ ಕೇಳಿದರೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ನನಗೆ ಛೀಮಾರಿಯ ಕಾಗದ ಬಂತು, ಉಮೇದವಾರಿ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಅಣ್ಣನಿಗೆ ಬರೆದೆ. ನೌಕರಿ ಇದೆಯಲ್ಲ, ಮೈ ನೋಡಿಕೋ ಎಂದು ಉತ್ತರ ಬಂತು. ರಾಯರು ಇದರ ವಿಷಯ ಮತ್ತೆ ಎತ್ತಲಿಲ್ಲ, ಆದರೆ ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದರು. ನನಗೆ ಸಿಕ್ಕ ಪದವಿಗಳಲ್ಲಿ ಅದೊಂದನ್ನು ನಾನು ಮರೆತಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತಪ್ಪು ಮಾಡಿದೆ, ತಿದ್ದಿದೆ, ಒಳ್ಳೆಯದಾಯಿತು ಎಂದು ಹೇಳುವ ಅಧಿಕಾರಿಗಳು ಬೇಕಾದಷ್ಟಿದ್ದಾರೆ.

ಮರುವರ್ಷ ಅದೇ ಚಳಿಗಾಲದಲ್ಲಿ ಆ ಶಾಲೆಗೆ ಮತ್ತೆ ಹೋದೆ. ರಾಯರೇ ಕಳಿಸಿದರು. ಈ ಸಲ ಉತ್ಸಾಹದಿಂದ ಹೋದೆ. ಗಣಪತಿ ಮಾಸ್ತರರ ಬಗ್ಗೆ ನಾಲ್ಕು ಒಳ್ಳೆಯ ಸಾಲು ಬರೆಯಬೇಕೆಂದು ಮನಸ್ಸಿನಲ್ಲಿತ್ತು. ಅವರು ಇನ್ನಷ್ಟು ಇಳಿದಿದ್ದರು. ಶಾಲೆ ಚೊಕ್ಕಟವಾಗಿತ್ತು. ಪಟದಲ್ಲಿ ಇಪ್ಪತ್ತೇಳು, ಎದುರಿಗೆ ಹದಿಮೂರು. ಅದೇ ಹಳದಿ ಮುಖ, ಜ್ವರಕ್ಕೆ ಗುಲ್ಮ ಬೆಳೆದು ಉಬ್ಬಿದ ಅದೇ ಹೊಟ್ಟೆ. ಜ್ವರ ಎಲ್ಲಿಗೂ ಹೋಗಿರಲಿಲ್ಲ.

ಕೇಳುವ ಮುಂಚೆಯೇ ಹಾಜರಿ ಪುಸ್ತಕ ತಂದಿಟ್ಟರು. ತೆರೆದೆ. ಒಂದು ಸಾಲಿನಲ್ಲೂ ಒಂದು ದಿನ ಬಿಟ್ಟು ಒಂದು ದಿನ ಎಂಬುದಿಲ್ಲ. ಒಬ್ಬ ಮೂರು ದಿನ ಹಾಜರಿ, ಎರಡು ದಿನ ಗೈರು, ಐದು ದಿನ ಹಾಜರಿ. ಇನ್ನೊಬ್ಬಳು ನಾಲ್ಕು, ಒಂದು, ಎರಡು. ಎಲ್ಲಿಯೂ ಕ್ರಮವೆಂಬುದಿರಲಿಲ್ಲ. ಮುಂಬಯಿಯ ಪ್ರಾಧ್ಯಾಪಕರು ನೋಡಿದ್ದರೆ ಮೆಚ್ಚುತ್ತಿದ್ದರು. ಎರಡನೆಯ ಇಯತ್ತೆಯ ಒಂದು ಹುಡುಗಿಯನ್ನು ಹತ್ತಿರ ಕರೆದು ನಿನಗೆ ಜ್ವರ ಯಾವಾಗ ಎಂದೆ. “ಇವತ್ತು ಇಲ್ಲೆ. ನಿನ್ನೆ ಬಂದಿತ್ತು, ನಾಳೆ ಬತ್ತು” ಎಂದಳು. ಪುಸ್ತಕದಲ್ಲಿ ನಿನ್ನೆ ಅವಳು ಹಾಜರಿ. ಮೊನ್ನೆ, ಆಚೆ ಮೊನ್ನೆ ಗೈರು.

ಮಾಸ್ತರರ ಕಡೆ ನೋಡಿದೆ. ಅವರು ಹತ್ತಿರ ಬಂದು, ಮಕ್ಕಳಿಗೆ ಕೇಳದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು. ತಿಂಗಳ ಒಟ್ಟು ಎಲ್ಲಿಯೂ ತಪ್ಪಿಲ್ಲವಂತೆ, ಒಂದು ದಿನವನ್ನೂ ಹೆಚ್ಚಿಗೆ ಹಾಕಿಲ್ಲವಂತೆ. ಬಂದ ದಿನಗಳನ್ನು ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡು, ದಿನಾ ಸಂಜೆ ಕುಳಿತು ಅದಲುಬದಲು ಮಾಡಿ ಪುಸ್ತಕಕ್ಕೆ ಏರಿಸುತ್ತಾರಂತೆ. ಮೊದಮೊದಲು ಕೈ ಬರುತ್ತಿರಲಿಲ್ಲ, ಮತ್ತೆ ಮತ್ತೆ ಕ್ರಮಕ್ಕೇ ಬೀಳುತ್ತಿತ್ತು, ಈಗ ರೂಢಿಯಾಗಿದೆ ಎಂದರು. ಹೋದ ವರ್ಷ ನಾನೇ ಸತ್ಯವೆಂದು ಬರೆದುಕೊಟ್ಟಿದ್ದೆನಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದೆ. ಹೌದು ಹೌದು ಎಂದರು. ನೀವು ತಿಳಿದುಕೊಂಡಿರಿ, ನಿಮ್ಮ ನಂತರ ಬರುವವರಿಗೆ ಜ್ವರ ಬರದೆ ಇದ್ದರೆ ಏನು ಮಾಡಲಿ ಎಂದು ಕೇಳಿದರು.

ಇಪ್ಪತ್ತು ವರ್ಷ ಸುಳ್ಳು ಬರೆಯದ ಕೈ ಅದು. ಅದಕ್ಕೆ ಸುಳ್ಳು ಕಲಿಸಿದವನು ನಾನು. ಅದನ್ನು ಬರೆದು ಕಚೇರಿಗೆ ಕಳಿಸಿದರೆ ಈ ಸಲ ಯಾವ ಶೇರಾವೂ ಅವರನ್ನು ಉಳಿಸುತ್ತಿರಲಿಲ್ಲ. ನಾನು ಲೇಖಣಿ ತೆಗೆದು ಹಾಜರಿ ಪುಸ್ತಕದ ಮೇಲೆ ಹಿಡಿದೆ. ಮಾಸ್ತರರು ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಉತ್ತರಕ್ಕೆ ಕಾಯುವ ಮಕ್ಕಳು ನೋಡುವ ಹಾಗೆ.

“ಈಗ ನೋಡಿದ್ರೆ ಖರೇ ಹಂಗೇ ಕಾಣ್ತಲ್ದಾ ಸಾಹೇಬ್ರೆ?” ಎಂದರು.

“ಕಾಣಸ್ತದ್ರಿ ಮಾಸ್ತರ” ಎಂದೆ. ಸಹಿ ಮಾಡಿದೆ.